ನಿಮಾಲಿಂಗ್‌ನಿಂದ ಯಾವ ಕಡೆ ಇಳಿಯಬೇಕು? ಮಾರ್ಖಾ ಕಣಿವೆ ಚಾರಣದ ಒಂದು ಪ್ರಕರಣ ಅಧ್ಯಯನ

ಲಡಾಖಿನ ಮಾರ್ಖಾ ಕಣಿವೆ ಚಾರಣದಲ್ಲಿ ನಿಮಾಲಿಂಗ್ ಕೊನೆಯ ಬಿಡಾರ. ಎತ್ತರ ಸುಮಾರು 4,750 ಮೀಟರ್. ಮುಂದಕ್ಕೆ ಹೋದರೆ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ಎಂಬ ಘಾಟಿ. ಅದನ್ನು ದಾಟಿ ಇಳಿದರೆ ಅದೇ ದಿನ ಚೋಕ್ದೋ, ಅಲ್ಲಿಂದ ವಾಹನ, ಸಂಜೆಗೆ ಲೇಹ್. ಹಿಂದಕ್ಕೆ ಹೋದರೆ ಬಂದ ದಾರಿಯೇ: ಥಾಚುಂಗ್ಸೆ, ಹಂಕರ್, ಮಾರ್ಖಾ. ಆಸ್ಪತ್ರೆ ಲೇಹ್‌ನಲ್ಲಿದೆ, ಅಲ್ಲಿಗೆ ಮುಂದಿನ ದಾರಿಯೇ ಹತ್ತಿರ. ರಾತ್ರಿ ಒಂದು ಗಂಟೆಗೆ ತಂಡದಲ್ಲಿ ಒಬ್ಬರು ನೆಟ್ಟಗೆ ಹೆಜ್ಜೆ ಇಡಲಾರದೆ ವಾಲತೊಡಗಿದರೆ ಯಾವ ಕಡೆ ಕರೆದೊಯ್ಯಬೇಕು? ಇದು ಈ ಪ್ರಕರಣದ ಪ್ರಶ್ನೆ. ಆ ಹೊತ್ತಿನಲ್ಲಿ ಆ ಪ್ರಶ್ನೆ ಎದುರಾದದ್ದೇಕೆ ಎಂದು ಹುಡುಕುತ್ತ ಹೋದರೆ ಕಾಸರಗೋಡಿನ ಅಡಿಕೆ ತೋಟದ ತನಕ ಹಿಂದೆ ಬರಬೇಕಾಗುತ್ತದೆ.

ಪ್ರಕರಣವನ್ನು ಕಲಿಕೆಗೆಂದು ಕಟ್ಟಲಾಗಿದೆ. ತಂಡದವರು ಮಾದರಿ ವ್ಯಕ್ತಿಗಳು. ಊರು, ಎತ್ತರ, ರೋಗಲಕ್ಷಣ, ಔಷಧದ ಪ್ರಮಾಣ ಇದ್ದದ್ದು ಇದ್ದ ಹಾಗೆ. ಕರಾವಳಿಯಿಂದ ಹಿಮಾಲಯಕ್ಕೆ ಹೋಗುವ ತಂಡಗಳು ಎಡವುವ ಜಾಗಗಳನ್ನೇ ಆರಿಸಿ ಇಲ್ಲಿ ಒಂದು ಕಡೆ ತಂದಿದ್ದೇವೆ.

ತಂಡ ಮತ್ತು ಸಿದ್ಧತೆ

ಬದಿಯಡ್ಕ, ಪೆರ್ಲ, ನೀರ್ಚಾಲು ಆಸುಪಾಸಿನ ಆರು ಮಂದಿ. ನಾಯಕ 48ರ ಹೈಸ್ಕೂಲ್ ಮಾಸ್ಟ್ರು. ಅವರ ತಂಗಿಯ ಮಗಳು, 27ರ ನರ್ಸ್. 34ರ ಒಬ್ಬ ಅಡಿಕೆ ಕೃಷಿಕ. 41ರ ಸಹಕಾರಿ ಬ್ಯಾಂಕ್ ನೌಕರ, ಇವರಿಗೆ ರಕ್ತದೊತ್ತಡಕ್ಕೆ ದಿನವೂ ಮಾತ್ರೆ ಇದೆ. ಇಬ್ಬರು ಕಾಲೇಜು ಹುಡುಗರು. ಲೇಹ್‌ನಲ್ಲಿ ಜತೆಯಾದವರು ಒಬ್ಬ ಗೈಡ್, ನಾಲ್ಕು ಕುದುರೆಗಳೊಂದಿಗೆ ಒಬ್ಬ ಕುದುರೆಯವ.

ಕಾಲ ಆಗಸ್ಟ್ ಮೊದಲ ವಾರ. ನಮ್ಮಲ್ಲಿ ಜಡಿಮಳೆ ಹೊಡೆಯುವ ಹೊತ್ತಿಗೆ ಲಡಾಖ್ ಮಳೆನೆರಳಿನಲ್ಲಿರುತ್ತದೆ, ಚಾರಣಕ್ಕೆ ಒಳ್ಳೆಯ ಕಾಲ. ಆದರೆ ಅಡಿಕೆಗೆ ಕೊಳೆರೋಗ ತಾಗುವುದೂ ಇದೇ ಕಾಲದಲ್ಲಿ. ಮೊದಲ ಸಲ ಬೋರ್ಡೋ ಮದ್ದು ಬಿಟ್ಟ (ಸಿಂಪಡಿಸಿದ) 40–45 ದಿನಕ್ಕೆ ಎರಡನೆಯ ಸಲ ಬಿಡಬೇಕು. ಕೃಷಿಕ ಆ ತಾರೀಕಿನೊಳಗೆ ತೋಟದಲ್ಲಿರಬೇಕಿತ್ತು. ಹಾಗಾಗಿ ಹಿಂದಿರುಗುವ ರೈಲು ಟಿಕೆಟ್ ಮೊದಲು ನಿಶ್ಚಯವಾಯಿತು, ಚಾರಣದ ದಿನಗಳು ಅದರೊಳಗೆ ಹೊಂದಿಕೊಂಡವು. ಲೇಹ್‌ನಿಂದ ದೆಹಲಿಗೆ ಬರುವ ವಿಮಾನ ಹವಾಮಾನ ಕೆಟ್ಟರೆ ಹಾರುವುದಿಲ್ಲ ಎಂಬುದಕ್ಕೂ ಒಂದು ದಿನ ಇಟ್ಟಿರಲಿಲ್ಲ. ಇಡೀ ಪ್ರಕರಣದ ಬೇರು ಇಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ದೇಹದ ತಯಾರಿ ಚೆನ್ನಾಗಿತ್ತು. ಪೊಸಡಿಗುಂಪೆ, ರಾಣಿಪುರಂ ಹತ್ತಿ ಇಳಿದರು. ಮಳೆಗೆ ಮೊದಲು ಕುಮಾರ ಪರ್ವತವನ್ನೂ ಮುಗಿಸಿದರು. ಕಾಲಿನ ಬಲಕ್ಕೆ, ಉಸಿರಿನ ಹದಕ್ಕೆ ಇವು ಬೇಕು. ಎತ್ತರಕ್ಕೆ ಒಗ್ಗಿಕೊಳ್ಳಲು ಇವುಗಳಿಂದ ಏನೂ ಸಿಗುವುದಿಲ್ಲ. ಕುಮಾರ ಪರ್ವತದ ತುದಿ 1,712 ಮೀಟರ್. ಲೇಹ್ ಪಟ್ಟಣವೇ ಅದರ ಎರಡು ಪಟ್ಟಿಗಿಂತ ಹೆಚ್ಚು, ಸುಮಾರು 3,500 ಮೀಟರ್. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರ ಹತ್ತಿರವೇ, ಕಡಿಮೆಯಾಗುವುದು ಒತ್ತಡ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಲೇಹ್‌ನಲ್ಲಿ ಗಾಳಿಯ ಒತ್ತಡ ಶೇ. 65, ನಿಮಾಲಿಂಗ್‌ನಲ್ಲಿ ಶೇ. 55, ಕೊಂಗ್ಮಾರು ಲಾದಲ್ಲಿ ಶೇ. 52ರ ಆಸುಪಾಸು. ಈ ಕೊರತೆಗೆ ದೇಹ ಹೊಂದಿಕೊಳ್ಳುವುದು ದಿನಗಳ ಲೆಕ್ಕದಲ್ಲಿ. ಮೊದಲು ಉಸಿರಾಟ ಹೆಚ್ಚುತ್ತದೆ. ಅದರಿಂದ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ. ಮೂತ್ರಪಿಂಡ ಬೈಕಾರ್ಬೊನೇಟನ್ನು ಹೊರಹಾಕಿ ಅದನ್ನು ಸರಿಪಡಿಸಿದ ಮೇಲಷ್ಟೇ ಉಸಿರಾಟ ಇನ್ನೂ ಹೆಚ್ಚಲು ಸಾಧ್ಯ. ಎಷ್ಟು ಗಟ್ಟಿಯ ಆಳಾದರೂ ಈ ಕೆಲಸ ಬೇಗ ಮುಗಿಯುವುದಿಲ್ಲ. ಮಳೆಯಲ್ಲಿ ಜಾರುವ ಅಡಿಕೆ ಮರ ಹತ್ತಿ ಇಳಿಯುವವನ ಮೂತ್ರಪಿಂಡಕ್ಕೂ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನ ಮೂತ್ರಪಿಂಡಕ್ಕೂ ಇದರಲ್ಲಿ ವ್ಯತ್ಯಾಸವಿಲ್ಲ. ಗಟ್ಟಿಯವನಿಗೆ ಅಪಾಯ ಇನ್ನೂ ಒಂದು ತೂಕ ಹೆಚ್ಚು. ಅವನು ಬೇಗ ಮೇಲೆ ತಲುಪುತ್ತಾನೆ, ನೋವನ್ನು ತಡೆದುಕೊಳ್ಳುತ್ತಾನೆ.

ಎತ್ತರಕ್ಕೆ ಬೇಗ ಒಗ್ಗಲೆಂದು ಊರಿನ ವೈದ್ಯರು ಎಲ್ಲರಿಗೂ ಅಸಿಟಜೋಲಮೈಡ್ ಬರೆದುಕೊಟ್ಟಿದ್ದರು: 250 ಮಿ.ಗ್ರಾಂ ಮಾತ್ರೆಯ ಅರ್ಧ, ಅಂದರೆ 125 ಮಿ.ಗ್ರಾಂ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಲೇಹ್‌ಗೆ ಹಾರುವ ಹಿಂದಿನ ದಿನದಿಂದ ಶುರು. ಸಲ್ಫಾ ಔಷಧದ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮೊದಲೇ ವಿಚಾರಿಸಿದ್ದರು. ಮೇಲೆ ಹೇಳಿದ ಬೈಕಾರ್ಬೊನೇಟ್ ಹೊರಹಾಕುವ ಕೆಲಸವನ್ನು ಈ ಮಾತ್ರೆ ಬೇಗ ಮಾಡಿಸುತ್ತದೆ. ಬೆರಳ ತುದಿ, ತುಟಿ ಜುಂ ಅನ್ನುವುದು, ಸೋಡಾ ಸಪ್ಪೆಯೆನಿಸುವುದು, ಪದೇ ಪದೇ ಮೂತ್ರ ಬರುವುದು ಅದರ ಮಾಮೂಲು ಪರಿಣಾಮ. ಇದನ್ನು ಯಾರೂ ಕೃಷಿಕನಿಗೆ ಮೊದಲೇ ಹೇಳಿರಲಿಲ್ಲ. ದೆಹಲಿಯಲ್ಲಿ ಬೆರಳು ಜುಮುಗುಟ್ಟಿದ್ದೇ ಅವನು ಹೆದರಿ, ಮಾತ್ರೆ ನಿಲ್ಲಿಸಿದ, ಯಾರಿಗೂ ತಿಳಿಸಲಿಲ್ಲ. ಔಷಧ ಕೊಡುವಾಗ ಅದರ ಮಾಮೂಲು ತೊಂದರೆಗಳನ್ನು ಎರಡು ವಾಕ್ಯದಲ್ಲಿ ಹೇಳಿದ್ದರೆ ಇದು ತಪ್ಪುತ್ತಿತ್ತು.

ಐದು ರಾತ್ರಿ ಸರಾಗ, ಆರನೆಯದು ಜಿಗಿತ

ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಮರುದಿನ ಬೆಳಗಿನ ವಿಮಾನಕ್ಕೆ ಲೇಹ್. 216 ಮೀಟರಿನಿಂದ ಒಂದೂವರೆ ಗಂಟೆಯೊಳಗೆ 3,256 ಮೀಟರಿನ ವಿಮಾನ ನಿಲ್ದಾಣಕ್ಕೆ. ಮೊದಲ ದಿನ ಎಲ್ಲರೂ ಮಲಗಿ, ಕೂತು ಕಳೆದರು. ಎರಡನೆಯ ದಿನ ನಿಧಾನವಾಗಿ ಅರಮನೆಯ ತನಕ ನಡಿಗೆ. ಕನಿಷ್ಠ 48 ಗಂಟೆ ವಿಶ್ರಾಂತಿ ಎಂಬ ಸೂಚನೆಯನ್ನು ಪಾಲಿಸಿದರು. ಮೂರನೆಯ ದಿನ ಚಿಲ್ಲಿಂಗ್ ಮಾರ್ಗವಾಗಿ ವಾಹನದಲ್ಲಿ ಸ್ಕಿಯು, ನಾಲ್ಕನೆಯ ದಿನ ಸುಮಾರು 20 ಕಿ.ಮೀ. ನಡೆದು ಮಾರ್ಖಾ, ಐದನೆಯ ದಿನ ಹಂಕರ್, ಆರನೆಯ ದಿನ ನಿಮಾಲಿಂಗ್.

ಮಲಗಿದ ಎತ್ತರಗಳನ್ನು ಸಾಲಾಗಿ ಬರೆದರೆ ವಿಷಯ ಕಣ್ಣಿಗೆ ಹೊಡೆಯುತ್ತದೆ. ಲೇಹ್ 3,500, ಸ್ಕಿಯು 3,400, ಮಾರ್ಖಾ 3,750, ಹಂಕರ್ 3,950, ನಿಮಾಲಿಂಗ್ 4,750. ಮೊದಲ ಐದು ರಾತ್ರಿಗಳಲ್ಲಿ ಒಟ್ಟು ಏರಿದ್ದು 450 ಮೀಟರ್. ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ, ಧೈರ್ಯ ಬಂತು. ಆರನೆಯ ರಾತ್ರಿಗೆ ಒಂದೇ ಸಲ 800 ಮೀಟರ್. 3,000 ಮೀಟರಿನ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು, ಮೂರು–ನಾಲ್ಕು ದಿನಕ್ಕೊಂದು ದಿನ ಎತ್ತರ ಏರಿಸದೆ ನಿಲ್ಲಬೇಕು ಎಂಬುದು ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ನಿಯಮ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ತಲೆ ಇಟ್ಟದ್ದು ಎಲ್ಲಿ ಎನ್ನುವುದು ಮುಖ್ಯ. ನಿದ್ದೆಯಲ್ಲಿ ಉಸಿರಾಟ ತಗ್ಗುತ್ತದೆ, ರಕ್ತದ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ.

ಹಂಕರ್ ಮತ್ತು ನಿಮಾಲಿಂಗ್ ನಡುವೆ ಸರಿಯಾಗಿ ನಿಲ್ಲಬೇಕಾದ ಜಾಗವೊಂದಿದೆ: ಥಾಚುಂಗ್ಸೆ, ಸುಮಾರು 4,250 ಮೀಟರ್. ಅಲ್ಲಿ ಒಂದು ರಾತ್ರಿ ಉಳಿದರೆ 800 ಮೀಟರ್ ಹೋಗಿ 300, 500 ಆಗುತ್ತದೆ. ಕುದುರೆಯವ ಅದನ್ನೇ ಸೂಚಿಸಿದ. ಮಧ್ಯಾಹ್ನ 12 ಗಂಟೆಗೇ ಥಾಚುಂಗ್ಸೆ ತಲುಪಿದ್ದರು, ಬಿಸಿಲು ಚೆನ್ನಾಗಿತ್ತು. ಅಷ್ಟು ಬೇಗ ಬಿಡಾರ ಹೂಡಿ ಸುಮ್ಮನೆ ಕೂರುವುದು ಯಾರಿಗೂ ಇಷ್ಟವಾಗಲಿಲ್ಲ. ಜತೆಗೆ ಆ ರೈಲು. ಊಟ ಮಾಡಿ ಮುಂದೆ ನಡೆದರು.

ಹಂಕರ್‌ನಲ್ಲಿಯೇ ಕೃಷಿಕನಿಗೆ ಹಣೆಯಲ್ಲಿ ನೋವು, ಊಟದ ಮೇಲೆ ಸ್ವಲ್ಪ ಓಕರಿಕೆ, ಮಾಮೂಲಿಗಿಂತ ಹೆಚ್ಚು ಆಯಾಸ ಇತ್ತು. ನಮ್ಮ ಕಡೆ ತಲೆನೋವು, ಓಕರಿಕೆ ಜತೆಯಾಗಿ ಬಂದರೆ ಮೊದಲು ನೆನಪಾಗುವುದು ಪಿತ್ತ. ಅವನು ಪುನರ್ಪುಳಿ ಶರಬತ್ತು ಮಾಡಿ ಕುಡಿದು ಮಲಗಿದ. ಆ ಸಂಜೆ ಎತ್ತರದ ಕಾಯಿಲೆಯ ಲಕ್ಷಣಗಳಿಗೆ ಅಂಕ ತೆಗೆದಿದ್ದರೆ ಮೂರು ಬರುತ್ತಿತ್ತು. ಮೂರು ಬಂದವರು ಮರುದಿನ ಮೇಲೆ ಹೋಗಿ ಮಲಗುವಂತಿಲ್ಲ. ಅಂಕ ತೆಗೆಯುವ ಕಾಗದ ನರ್ಸ್ ಚೀಲದಲ್ಲಿತ್ತು. ಎಲ್ಲರೂ ನಗುತ್ತ ಮಾತಾಡುತ್ತಿದ್ದುದರಿಂದ ಹೊರಗೆ ಬರಲಿಲ್ಲ.

ಅಂಕ ತೆಗೆಯುವ ಕ್ರಮ ಹೀಗೆ. ಲೇಕ್ ಲೂಯಿಸ್ ಅಂಕಪಟ್ಟಿ ಎಂದು ಹೆಸರು, ಈಗ ಬಳಕೆಯಲ್ಲಿರುವುದು 2018ರ ಪರಿಷ್ಕರಣೆ. ತಲೆನೋವು, ಹೊಟ್ಟೆಯ ತೊಂದರೆ ಅಂದರೆ ಹಸಿವಿಲ್ಲದಿರುವುದು ಅಥವಾ ವಾಂತಿ, ಆಯಾಸ, ತಲೆಸುತ್ತು: ನಾಲ್ಕಕ್ಕೂ ತಲಾ 0ರಿಂದ 3. ತಲೆನೋವು ಇದ್ದು ಒಟ್ಟು 3 ಅಥವಾ ಹೆಚ್ಚಾದರೆ ಎತ್ತರದ ಕಾಯಿಲೆ, ಅಂದರೆ ಎಎಂಎಸ್. 3ರಿಂದ 5 ಸೌಮ್ಯ, 6ರಿಂದ 9 ಮಧ್ಯಮ, 10 ಅಥವಾ ಹೆಚ್ಚಾದರೆ ತೀವ್ರ. ಹಳೆಯ ಪಟ್ಟಿಯಲ್ಲಿದ್ದ ನಿದ್ದೆಯ ಪ್ರಶ್ನೆಯನ್ನು ತೆಗೆದುಹಾಕಿದ್ದಾರೆ; ಎತ್ತರದಲ್ಲಿ ಆರೋಗ್ಯವಂತರಿಗೂ ನಿದ್ದೆ ಕೆಡುತ್ತದೆ. "ತಲೆನೋವು ಉಂಟಾ?" ಎಂದು ಕೇಳಿದರೆ ನಮ್ಮವರ ಉತ್ತರ "ಇಲ್ಲ" ಎಂದೇ. "ಸೊನ್ನೆಯಾ, ಒಂದಾ, ಎರಡಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಊಟಕ್ಕೆ ಮೊದಲು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕು. ಹುಡುಗರ ಎದುರು ಹಿರಿಯರು, ಹಿರಿಯರ ಎದುರು ಹುಡುಗರು ನೋವನ್ನು ಒಪ್ಪಿಕೊಳ್ಳುವುದು ಕಷ್ಟ.

ನಿಮಾಲಿಂಗ್‌ನ ಬಿಡಾರದಲ್ಲಿ

ತಲುಪಿದ್ದು ನಾಲ್ಕು ಗಂಟೆಗೆ. ನಿಮಾಲಿಂಗ್ ವಿಶಾಲ ಹುಲ್ಲುಗಾವಲು. ದನ, ಕುರಿ ಮೇಯುವ ಜಾಗ. ಎದುರಿಗೆ 6,400 ಮೀಟರಿನ ಕಾಂಗ್ ಯಾತ್ಸೆ. ಮಧ್ಯಾಹ್ನದ ಮೇಲೆ ಗಾಳಿ ಜೋರು. ಗಾಳಿ ತಪ್ಪಿಸಲೆಂದು ಹುಡುಗರು ತೊರೆಯ ಪಕ್ಕದ ತಗ್ಗಿನಲ್ಲಿ ಟೆಂಟ್ ಹಾಕಿದರು. ತಗ್ಗಿನಲ್ಲಿ ಗಾಳಿ ಕಡಿಮೆ ನಿಜ, ಆದರೆ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿದು ನಿಲ್ಲುವುದೂ ಅಲ್ಲಿಯೇ. ತೊರೆಯ ತೇವ ಟೆಂಟಿನ ಒಳಬದಿಗೆ ಹನಿಯಾಗಿ ಕೂರುತ್ತದೆ. ಹಿಮ ಕರಗಿ ಬರುವ ತೊರೆಗಳು ಬೆಳಗ್ಗೆ ಸಣ್ಣಗಿದ್ದು ಸಂಜೆಗೆ ತುಂಬುತ್ತವೆ. ಆಗಸ್ಟ್‌ನಲ್ಲಿ ಮೇಘಸ್ಫೋಟದ ಭಯವೂ ಇದೆ. 2010ರ ಆಗಸ್ಟ್‌ನಲ್ಲಿ ಲೇಹ್ ಕಂಡ ಪ್ರವಾಹ ಮಳೆನೆರಳಿನ ಆ ನಾಡಿನಲ್ಲಿಯೇ ಆದದ್ದು. ತೊರೆಯಿಂದ ಕನಿಷ್ಠ ಒಂದು ಆಳೆತ್ತರ ಮೇಲಿನ ಸಮತಟ್ಟು, ಬೆನ್ನಿಗೆ ಸಣ್ಣ ದಿಬ್ಬ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ: ಇದು ಸರಿಯಾದ ಜಾಗ. ಟೆಂಟಿನ ಕಿರಿದಾದ ಬದಿ ಗಾಳಿಗೆ ಎದುರಾಗಿ, ಬಾಗಿಲು ಅದಕ್ಕೆ ಬೆನ್ನಾಗಿ. ಕಲ್ಲುನೆಲದಲ್ಲಿ ಗೂಟ ಇಳಿಯುವುದಿಲ್ಲ. ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ, ಮೇಲೊಂದು ಕಲ್ಲು ಹೇರಬೇಕು. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚಿದರೆ ಉಸಿರಿನ ತೇವವೇ ಒಳಗೆ ಹಿಮವಾಗಿ ಕಟ್ಟಿ ಬೆಳಗ್ಗೆ ಹಾಸಿಗೆಯ ಮೇಲೆ ಉದುರುತ್ತದೆ. ಒಲೆಯನ್ನು ಟೆಂಟಿನೊಳಗೆ ಹಚ್ಚುವ ಮಾತೇ ಇಲ್ಲ; ಕಾರ್ಬನ್ ಮೊನಾಕ್ಸೈಡ್ ಕೊಡುವ ತಲೆನೋವು, ವಾಂತಿ ಎತ್ತರದ ಕಾಯಿಲೆಯಂತೆಯೇ ಕಾಣುತ್ತದೆ, ಕೊಲ್ಲುತ್ತದೆ.

ಕರಾವಳಿಯವರು ಚಳಿಯನ್ನು ಅಳೆಯುವಾಗ ಕಂಬಳಿಯನ್ನಷ್ಟೇ ಯೋಚಿಸುತ್ತಾರೆ, ನೆಲವನ್ನು ಮರೆಯುತ್ತಾರೆ. ಕೃಷಿಕ ತಂದದ್ದು ಯೋಗಕ್ಕೆ ಹಾಸುವ ತೆಳು ಮ್ಯಾಟ್. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಮೈಭಾರಕ್ಕೆ ಚಪ್ಪಟೆಯಾಗುತ್ತದೆ, ಅಲ್ಲಿ ಬೆಚ್ಚಗಿಡುವುದು ಮ್ಯಾಟ್ ಮಾತ್ರ. ಮ್ಯಾಟಿನ ಆರ್ ಮೌಲ್ಯ (ನೆಲದ ಚಳಿ ತಡೆಯುವ ಶಕ್ತಿಯ ಅಳತೆ) ನಾಲ್ಕು ಅಥವಾ ಅದಕ್ಕಿಂತ ಮೇಲೆ ಇರಲಿ. ಇಲ್ಲದಿದ್ದರೆ ಮುಚ್ಚಿದ ರಂಧ್ರಗಳ ಫೋಮ್ ಮ್ಯಾಟ್ ಎರಡು ಪದರ ಹಾಸಬೇಕು. ಬ್ಯಾಗಿಗೆ ಕಂಫರ್ಟ್ ಅಂಕೆ ಮೈನಸ್ 10 ನೋಡಿ ಕೊಳ್ಳಬೇಕು. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದ ಎಕ್ಸ್‌ಟ್ರೀಮ್ ಅಂಕೆ ಪ್ರಾಣ ಉಳಿಯುವ ಲೆಕ್ಕ, ನಿದ್ದೆಯ ಲೆಕ್ಕವಲ್ಲ. ಮಲಗುವಾಗ ಗಟ್ಟಿ ಮುಚ್ಚಳದ ಬಾಟ್ಲಿಗೆ ಬಿಸಿನೀರು ತುಂಬಿ ಕಾಲ್ಚೀಲದೊಳಗಿಟ್ಟು ತೊಡೆಯ ನಡುವೆ ಇಟ್ಟುಕೊಂಡರೆ ಬೆಳಗಿನ ತನಕ ಆಸರೆ, ಬೆಳಗ್ಗೆ ಹೆಪ್ಪುಗಟ್ಟದ ಕುಡಿಯುವ ನೀರು.

ಅಡುಗೆಯಲ್ಲಿ ಕುಚ್ಚಲಕ್ಕಿ ದೊಡ್ಡ ಸಮಸ್ಯೆಯಾಯಿತು. ನಿಮಾಲಿಂಗ್‌ನಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಎಷ್ಟು ಹೊತ್ತಾದರೂ ನಡುವೆ ಕಲ್ಲು. ಕುಕ್ಕರ್ ಒಳಗೆ 110 ಡಿಗ್ರಿ ದಾಟುವುದರಿಂದ ಬೇಯುತ್ತದೆ, ಆದರೆ ಇವರು ಕುಕ್ಕರ್ ತಂದಿರಲಿಲ್ಲ. ಅರೆಬೆಂದ ಗಂಜಿಗೆ ಒಂದೂವರೆ ಡಬ್ಬಿ ಗ್ಯಾಸ್ ಹೋಯಿತು. ಆರು ಜನರಿಗೆ ದಿನಕ್ಕೆ 230 ಗ್ರಾಂ ಡಬ್ಬಿ ಒಂದು ಎಂದು ಲೆಕ್ಕ ಹಾಕಿದ್ದರು. ಚಳಿಗೆ ಡಬ್ಬಿಯೂ ಸೋಲುತ್ತದೆ: ಬರೀ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುತ್ತದೆ, ಐಸೋಬ್ಯುಟೇನ್–ಪ್ರೊಪೇನ್ ಬೆರೆತದ್ದನ್ನೇ ಕೇಳಿ ಕೊಳ್ಳಬೇಕು. ವಿಮಾನದಲ್ಲಿ ಒಯ್ಯುವಂತಿಲ್ಲ, ಲೇಹ್‌ನಲ್ಲಿಯೇ ಖರೀದಿ. ನಮ್ಮ ಕಡೆಯಿಂದ ಒಯ್ಯಲು ಎಲ್ಲಕ್ಕಿಂತ ಒಳ್ಳೆಯದು ತೆಳು ಅವಲಕ್ಕಿ. ಬಿಸಿನೀರು ಹಾಕಿದರೆ ಮುಗಿಯಿತು. ಬೆಲ್ಲ ಸೇರಿಸಿದರೆ ಓಕರಿಕೆ ಇರುವವನೂ ನಾಲ್ಕು ತುತ್ತು ತಿನ್ನುತ್ತಾನೆ. ತೆಂಗಿನೆಣ್ಣೆ ಅಲ್ಲಿ ಕಲ್ಲಿನಂತೆ ಗಟ್ಟಿ. ಬಾಯಿ ಕಿರಿದಾದ ಬಾಟ್ಲಿಯಲ್ಲಿ ಒಯ್ದರೆ ಒಂದು ತೊಟ್ಟೂ ಹೊರಬರುವುದಿಲ್ಲ, ಅಗಲ ಬಾಯಿಯ ಡಬ್ಬಿ ಬೇಕು.

ನೀರಿನ ವಿಷಯ ಚಿಕ್ಕದು. ದಿನಕ್ಕೆ ಮೂರರಿಂದ ನಾಲ್ಕು ಲೀಟರ್, ಮೂತ್ರ ತಿಳಿಹಳದಿ ಇದ್ದರೆ ಸಾಕು. ಅಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವುದೇ ಇಲ್ಲವಾದ್ದರಿಂದ ನಮ್ಮವರಿಗೆ ಬಾಯಾರಿಕೆಯ ನೆನಪೇ ಆಗುವುದಿಲ್ಲ. ಹಾಗೆಂದು ಆರು–ಏಳು ಲೀಟರ್ ಕುಡಿದರೆ ರಕ್ತದ ಸೋಡಿಯಂ ಕುಸಿದು ಅದೂ ತಲೆನೋವು, ವಾಂತಿಯನ್ನೇ ಕೊಡುತ್ತದೆ. ನೀರು ಎತ್ತರದ ಕಾಯಿಲೆಗೆ ಔಷಧವಲ್ಲ.

ಆ ರಾತ್ರಿ

ಆರು ಗಂಟೆಗೆ ಕೃಷಿಕ ಊಟ ಬೇಡವೆಂದ. ನರ್ಸ್ ಅಂಕ ತೆಗೆದಳು: ತಲೆನೋವು 2, ಹೊಟ್ಟೆ 2, ಆಯಾಸ 2, ತಲೆಸುತ್ತು 1. ಒಟ್ಟು 7.

"ಪಿತ್ತ ಮಾಸ್ಟ್ರೇ, ಬೇರೆಂತ ಇಲ್ಲ. ಒಂದು ನಿದ್ದೆ ಆದ್ರೆ ಸರಿ ಆಗ್ತದೆ."

"ಮಾವ, ಇದು ಪಿತ್ತ ಅಲ್ಲ," ಎಂದಳು ನರ್ಸ್. "ಮಾತ್ರೆ ಎಷ್ಟು ದಿನದಿಂದ ಬಿಟ್ಟಿದ್ದಾರೆ ಅಂತ ಕೇಳಿ."

ಕೇಳಿದಾಗ ಹೊರಬಂತು. ಅಸಿಟಜೋಲಮೈಡ್ 250 ಮಿ.ಗ್ರಾಂ, ಪ್ಯಾರಾಸಿಟಮಾಲ್, ವಾಂತಿಗೆ ಒಂಡಾನ್ಸೆಟ್ರಾನ್ ಕೊಟ್ಟಳು. ಅಲ್ಲೇ ಉಳಿಯುವುದು, ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ ನೋಡುವುದು ಎಂದು ತೀರ್ಮಾನವಾಯಿತು. ಮಧ್ಯಮ ಲಕ್ಷಣಗಳಿಗೆ ಅದೇ ಎತ್ತರದಲ್ಲಿ ನಿಂತು ಚಿಕಿತ್ಸೆ ಕೊಡುವುದು ತಪ್ಪೆಂದು ಯಾರೂ ಹೇಳಲಾರರು. ಆದರೂ ಈ ಪ್ರಕರಣದಲ್ಲಿ ಸರಿಯಾದ ಸಮಯ ಅದೇ ಆಗಿತ್ತು, ಅದು ಕೈತಪ್ಪಿತು. ಬೆಳಕು ಇನ್ನೂ ಒಂದು ಗಂಟೆಗೂ ಹೆಚ್ಚು ಇತ್ತು, ರೋಗಿ ತನ್ನ ಕಾಲಲ್ಲಿ ನಡೆಯುತ್ತಿದ್ದ, 800 ಮೀಟರ್ ಜಿಗಿದು ಬಂದದ್ದು ಗೊತ್ತಿತ್ತು, 500 ಮೀಟರ್ ಕೆಳಗೆ ಥಾಚುಂಗ್ಸೆ ಎರಡು–ಎರಡೂವರೆ ಗಂಟೆಯ ಇಳಿಜಾರು. ಸಂಜೆ ಕುದುರೆಯ ಮೇಲೆ ಸುಲಭವಾಗಿ ಆಗುವ ಕೆಲಸ ಮಧ್ಯರಾತ್ರಿ ಕತ್ತಲಲ್ಲಿ ಕಷ್ಟದ್ದಾಗುತ್ತದೆ.

ಹತ್ತು ಗಂಟೆಗೆ ವಾಂತಿ. ಹನ್ನೆರಡಕ್ಕೆ ಎಬ್ಬಿಸಿದಾಗ ಮಾತಾಡಿದ. ಒಂದರ ಹೊತ್ತಿಗೆ ಮೂತ್ರಕ್ಕೆ ಹೊರಗೆ ಹೋದವನು ಟೆಂಟಿನ ಹಗ್ಗಕ್ಕೆ ಎರಡು ಸಲ ಎಡವಿದ. ಕತ್ತಲಲ್ಲಿ ಯಾರೂ ಎಡವಬಹುದು. ಆದರೆ ಪಕ್ಕದಲ್ಲಿ ಮಲಗಿದ್ದ ಹುಡುಗ ಅದನ್ನು ಕಡೆಗಣಿಸದೆ ನರ್ಸ್ ಬಳಿ ಓಡಿದ. ಈ ಪ್ರಕರಣದ ಅತ್ಯಂತ ಬೆಲೆಬಾಳುವ ಕೆಲಸ ಅದು.

ಅವಳು ಮಾಡಿದ್ದು ನೇರಗೆರೆ ನಡಿಗೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ ಮೂರು ಮೀಟರ್ ಹಗ್ಗ ಹಾಸಿ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ನಡೆಯಲು ಹೇಳುವುದು. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಿರಬೇಕು. ಲೇಹ್‌ನಲ್ಲಿಯೇ ಎಲ್ಲರಿಂದ ಒಮ್ಮೆ ಇದನ್ನು ಮಾಡಿಸಿಟ್ಟಿದ್ದಳು. ಕೆಲವರು ಆರೋಗ್ಯವಾಗಿದ್ದಾಗಲೂ ವಾಲುತ್ತಾರೆ, ಹೋಲಿಸಲು ಮೊದಲಿನ ನಡಿಗೆ ಗೊತ್ತಿರಬೇಕು. ಕೃಷಿಕ ಲೇಹ್‌ನಲ್ಲಿ ಸರಾಗವಾಗಿ ನಡೆದಿದ್ದ. ಈಗ ಮೂರನೆಯ ಹೆಜ್ಜೆಗೇ ಗೆರೆಯಿಂದ ಹೊರಗೆ. ಇವತ್ತು ಯಾವ ಊರಲ್ಲಿದ್ದೇವೆ ಎಂದಾಗ "ಮಾರ್ಖಾ" ಎಂದ.

ಎಎಂಎಸ್ ಇರುವವನಿಗೆ ನಡಿಗೆಯ ಸಮತೋಲ ತಪ್ಪುವುದು, ಬುದ್ಧಿ ಮಂಕಾಗುವುದು ಎಂದರೆ ಮಿದುಳಿನಲ್ಲಿ ಬಾವು, ಹೇಸ್. ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಹೇಪ್ ಕೂಡ ಇದೆಯೇ ಎಂದು ನೋಡಿದಳು: ಕೂತಲ್ಲೇ ಏದುಸಿರು, ಕೆಮ್ಮು, ನೊರೆಗಫ ಇರಲಿಲ್ಲ. ಆಕ್ಸಿಮೀಟರ್ ರಕ್ತದ ಆಮ್ಲಜನಕ ಶೇ. 76 ಎಂದು ತೋರಿಸಿತು. ಉಳಿದವರದು 80ರಿಂದ 84. ತಣ್ಣನೆಯ ಬೆರಳಿನಲ್ಲಿ ಆ ಯಂತ್ರ ತಪ್ಪು ಹೇಳುವುದುಂಟು, ಬಗಲಲ್ಲಿ ಕೈ ಬೆಚ್ಚಗಾದ ಮೇಲೆ ನೋಡಬೇಕು. ಅಂಕೆ ಚೆನ್ನಾಗಿದೆ ಎಂದು ವಾಲುವವನನ್ನು ಮಲಗಿಸುವಂತಿಲ್ಲ.

ಬಾವು ತಗ್ಗಿಸುವ ಔಷಧ ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ, ಬಳಿಕ ಆರು ಗಂಟೆಗೊಮ್ಮೆ 4 ಮಿ.ಗ್ರಾಂ, ಹೇಸ್ ಲಕ್ಷಣ ಕಂಡರೆ ಕೊಡಬಹುದೆಂದು ವೈದ್ಯರು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 0.5 ಮಿ.ಗ್ರಾಂ ಮಾತ್ರೆ, ವಾಂತಿ ಮಾಡುವವನಿಗೆ ಅದರಲ್ಲಿ 16 ನುಂಗಿಸುವುದು ಆಗದ ಮಾತು. ಈ ತಂಡದಲ್ಲಿ 4 ಮಿ.ಗ್ರಾಂ ಮಾತ್ರೆಯೂ 2 ಮಿ.ಲೀ.ಗೆ 8 ಮಿ.ಗ್ರಾಂ ಇರುವ ಇಂಜೆಕ್ಷನ್ನೂ ಇದ್ದವು. 1.20ಕ್ಕೆ ಸ್ನಾಯುವಿಗೆ ಚುಚ್ಚಿದಳು. ಹುಡುಗರು ತಂದಿದ್ದ ಹತ್ತು ಲೀಟರಿನ ಆಕ್ಸಿಜನ್ ಕ್ಯಾನ್ ಕೈಗೆತ್ತಿಕೊಂಡರು. ನಿಮಿಷಕ್ಕೆ ಎರಡು ಲೀಟರಿನಂತೆ ಅದು ಐದು ನಿಮಿಷಕ್ಕೆ ಮುಗಿಯುತ್ತದೆ. ಇಳಿಯುವುದನ್ನು ತಡಮಾಡಲು ಅದೊಂದು ನೆಪವಾಗಬಾರದು.

ಮುಂದೆಯೋ ಹಿಂದೆಯೋ

ಆಗ ಬಂದದ್ದು ಮೊದಲಿನ ಪ್ರಶ್ನೆ. ಬ್ಯಾಂಕ್ ನೌಕರ ಹೇಳಿದ್ದರಲ್ಲಿ ಒಂದು ತರ್ಕವಿತ್ತು: ಘಾಟಿ 450 ಮೀಟರ್ ಮೇಲೆ ಅಷ್ಟೇ, ಮೂರು ಗಂಟೆ, ಆಚೆ ಇಳಿದರೆ ರಸ್ತೆ, ಮಧ್ಯಾಹ್ನಕ್ಕೆ ಆಸ್ಪತ್ರೆ. ಡೆಕ್ಸಾ ಕೊಟ್ಟಿದ್ದೇವಲ್ಲ, ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾನೆ.

ಗೈಡ್ ಒಪ್ಪಲಿಲ್ಲ, ಅವನದೇ ಸರಿ. ಬಾವು ಬಂದ ಮಿದುಳಿಗೆ ಬೇಕಾದದ್ದು ಆಮ್ಲಜನಕ, ಅದೂ ಈಗ. ಘಾಟಿಯ ಕಡೆ ಇಡುವ ಪ್ರತಿ ಹೆಜ್ಜೆಯೂ ಅದನ್ನು ಕಡಿಮೆ ಮಾಡುತ್ತದೆ; ಮೂರು ಗಂಟೆ ಏರುವುದಷ್ಟೇ ಅಲ್ಲ, ಆಚೆ ಬದಿ ಇಳಿದು ಮತ್ತೆ 4,750ಕ್ಕೆ ಬರುವ ತನಕವೂ ಅವನು ಈಗಿರುವುದಕ್ಕಿಂತ ಎತ್ತರದಲ್ಲೇ ಇರುತ್ತಾನೆ. ಆಯಾಸದ ಏರಿಕೆ ರಕ್ತದ ಆಮ್ಲಜನಕವನ್ನು ಇನ್ನೂ ಇಳಿಸುತ್ತದೆ. ಘಾಟಿಯ ಕೆಳಗೆ ಕುಸಿದುಬಿದ್ದರೆ ಕಡಿದಾದ ಆ ದಾರಿಯಲ್ಲಿ ಹೊತ್ತು ತರಲು ಐದು ಜನಕ್ಕೆ ಆಗುವುದಿಲ್ಲ. ಡೆಕ್ಸಾ ಬಾವನ್ನು ತಗ್ಗಿಸಿ ಇಳಿಯಲು ಸಮಯ ಕೊಡುತ್ತದೆ. ದೇಹವನ್ನು ಎತ್ತರಕ್ಕೆ ಒಗ್ಗಿಸುವುದಿಲ್ಲ. ಅದರ ಬಲದಲ್ಲಿ ಮೇಲೆ ಏರಿ, ಪರಿಣಾಮ ಇಳಿದ ಗಳಿಗೆಯಲ್ಲಿ ಇನ್ನೂ ಎತ್ತರದಲ್ಲಿ ಸಿಕ್ಕಿಬೀಳುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿಂದಕ್ಕೆ ಹಂಕರ್‌ನಲ್ಲಿ ಆಸ್ಪತ್ರೆ ಇಲ್ಲ, ಆದರೆ ಅದು 800 ಮೀಟರ್ ಕೆಳಗೆ, ದಾರಿ ಪೂರ್ತಿ ಇಳಿಜಾರು, ನಡುವೆ ಥಾಚುಂಗ್ಸೆ, ತುದಿಯಲ್ಲಿ ಬೆಚ್ಚಗಿನ ಹೋಮ್‌ಸ್ಟೇ. ಚಿಕಿತ್ಸೆ ಎಂದರೆ ಆ 800 ಮೀಟರೇ.

ಎರಡು ಗಂಟೆಗೆ ಹೊರಟರು. ಹೊರೆ ಇಳಿಸಿದ ಶಾಂತ ಕುದುರೆಯ ಮೇಲೆ ರೋಗಿ. ಕುದುರೆಯವ ಮುಂದೆ ಹಗ್ಗ ಹಿಡಿದು, ಮಾಸ್ಟ್ರು ಒಂದು ಬದಿ, ನರ್ಸ್ ಇನ್ನೊಂದು ಬದಿ. ರೋಗಿಯನ್ನು ತಡಿಗೆ ಕಟ್ಟಲಿಲ್ಲ. ಕುದುರೆ ಎಡವಿದರೆ ಕಟ್ಟಿದವನು ಅದರಡಿ ಸಿಗುತ್ತಾನೆ. ಕೂತವನಿಗೆ ನಡೆಯುವವರಿಗಿಂತ ಚಳಿ ಹೆಚ್ಚು, ಆದ್ದರಿಂದ ಎರಡು ಜಾಕೆಟ್, ಕಾಲಿಗೆ ಸ್ಲೀಪಿಂಗ್ ಬ್ಯಾಗ್ ಸುತ್ತಿದರು. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹೆಸರು, ಊರು ಕೇಳಿದರು. 4.30ಕ್ಕೆ ಥಾಚುಂಗ್ಸೆ, ನಡಿಗೆ ಇನ್ನೂ ವಾಲುತ್ತಿತ್ತು, ಮಾತು ತಿಳಿಯಾಗಿತ್ತು. ಅಲ್ಲಿಯೇ ನಿಲ್ಲೋಣ ಎಂಬ ಆಸೆ ಎಲ್ಲರಿಗೂ. ಲಕ್ಷಣ ಪೂರ್ತಿ ಹೋಗುವ ತನಕ ಇಳಿಯಬೇಕೆಂಬ ನಿಯಮವನ್ನು ನರ್ಸ್ ಬಿಡಲಿಲ್ಲ. 7.20ಕ್ಕೆ ದಾರಿಯಲ್ಲೇ 4 ಮಿ.ಗ್ರಾಂ ಮಾತ್ರೆ, ಎಂಟರ ಮೊದಲು ಹಂಕರ್. ಮಧ್ಯಾಹ್ನ ಗೆರೆಯ ಮೇಲೆ ನೆಟ್ಟಗೆ ನಡೆದ, ಅಂಕ 3. ಮರುದಿನ ಮಾರ್ಖಾ ಕಡೆ ಇಳಿದು, ವಾಹನದಲ್ಲಿ ಲೇಹ್, ಅಲ್ಲಿನ ಎಸ್‌ಎನ್‌ಎಂ ಆಸ್ಪತ್ರೆಯಲ್ಲಿ ತಪಾಸಣೆ. ಈ ಕಣಿವೆಯಲ್ಲಿ ರಸ್ತೆ ವರ್ಷದಿಂದ ವರ್ಷಕ್ಕೆ ಒಳಗೆ ಸರಿಯುತ್ತಿದೆ. ವಾಹನ ಈಗ ಎಲ್ಲಿಯ ತನಕ ಬರುತ್ತದೆ ಎಂದು ಹೊರಡುವ ಮೊದಲು ಲೇಹ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ತಂಡದಲ್ಲಿ ಎರಡಾದರೂ ಪೋಸ್ಟ್‌ಪೇಯ್ಡ್ ಇರಲಿ.

ನಿಮಾಲಿಂಗ್‌ನಲ್ಲಿ ಉಳಿದ ಮೂವರ ಸ್ಥಿತಿ ಯಾರೂ ಯೋಚಿಸದ್ದು. ಔಷಧ ಪೆಟ್ಟಿಗೆ ಒಂದೇ, ಅದು ಕೆಳಗೆ ಹೋಯಿತು. ಆಕ್ಸಿಮೀಟರ್ ಒಂದೇ, ಅದೂ ಹೋಯಿತು. ಬೆಳಗ್ಗೆ ಗೈಡ್ ಅಂಕ ಕೇಳಿದಾಗ ಹುಡುಗರದು 0 ಮತ್ತು 1, ಬ್ಯಾಂಕ್ ನೌಕರನದು 3. ಅವರಿಗೆ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವೆಂದು ಮನೆಯಿಂದ ತಂದಿದ್ದ ನಿದ್ದೆಮಾತ್ರೆ ನುಂಗುವ ಯೋಚನೆಯೂ ಇತ್ತಂತೆ. ಉಸಿರಾಟವನ್ನು ಕುಗ್ಗಿಸುವ ಅಂಥ ಮಾತ್ರೆ, ಮದ್ಯ ಎರಡೂ ಆ ಎತ್ತರದಲ್ಲಿ ಕೂಡದು. ಗೈಡ್ ಮೂವರನ್ನೂ ಹಂಕರ್‌ಗೆ ಇಳಿಸಿದ. ಘಾಟಿಯನ್ನು ಯಾರೂ ದಾಟಲಿಲ್ಲ. ರೈಲು ತಪ್ಪಿತು, ಮದ್ದು ಬಿಡುವ ಕೆಲಸಕ್ಕೆ ಪಕ್ಕದ ಮನೆಯ ಭಾವ ಆಳುಗಳನ್ನು ಕರೆದುಕೊಂಡು ಬಂದ.

ಇದೇ ತಂಡ ಮತ್ತೆ ಹೋಗುವುದಾದರೆ

ಲೇಹ್‌ನಲ್ಲಿ ಮೂರು ರಾತ್ರಿ. ಆಮೇಲೆ ಸ್ಕಿಯು, ಮಾರ್ಖಾ, ಹಂಕರ್, ಥಾಚುಂಗ್ಸೆ, ನಿಮಾಲಿಂಗ್ ಎರಡು ರಾತ್ರಿ. ನಿಮಾಲಿಂಗ್‌ನ ನಡುವಿನ ದಿನ ಕಾಂಗ್ ಯಾತ್ಸೆ ಕಡೆ ಸುಮಾರು 5,000 ಮೀಟರ್ ತನಕ ನಿಧಾನವಾಗಿ ಹತ್ತಿ, ಒಂದು ಗಂಟೆ ಕೂತು, ಮಲಗಲು ಕೆಳಗೆ ಬರುವುದು. ಮೊದಲಿನ ಯೋಜನೆಗಿಂತ ಮೂರು ರಾತ್ರಿ ಹೆಚ್ಚು. ಇದರ ಮೇಲೆ ಎರಡು ದಿನ ಬಿಡುವು, ವಿಮಾನಕ್ಕೂ ರೋಗಕ್ಕೂ. ರೈಲಿನಲ್ಲಿ ಈಗ 60 ದಿನ ಮೊದಲಷ್ಟೇ ಕಾದಿರಿಸಲು ಆಗುವುದರಿಂದ, ಮೊದಲು ಚಾರಣದ ದಿನಗಳನ್ನು ಎಣಿಸಿ, ಬಿಡುವನ್ನು ಸೇರಿಸಿ, ಆಮೇಲೆ ಟಿಕೆಟ್. ಇಷ್ಟು ದಿನ ತೋಟ ಬಿಡಲು ಆಗದವರು ಮದ್ದು ಬಿಡುವ ಕಾಲ ಮುಗಿದ ಸೆಪ್ಟೆಂಬರ್ ಮಧ್ಯಕ್ಕೆ ಹೋಗುವುದು ಒಳ್ಳೆಯದು. ಚಳಿ ಹೆಚ್ಚು, ತೊರೆಗಳು ಸಣ್ಣ. ಅದೂ ಆಗದಿದ್ದರೆ ಹಂಕರ್ ತನಕ ಹೋಗಿ ಹಿಂದಿರುಗುವುದೂ ಚಾರಣವೇ, ನಾಚಿಕೆಪಡಬೇಕಾದದ್ದು ಏನಿಲ್ಲ.

ಔಷಧ ಪೆಟ್ಟಿಗೆ ಎರಡು: ಒಂದು ನಾಯಕನ ಬಳಿ, ಇನ್ನೊಂದು ಗೈಡ್ ಬಳಿ, ಎರಡೂ ಬೆನ್ನಚೀಲದಲ್ಲಿ, ಕುದುರೆಯ ಹೊರೆಯಲ್ಲಿ ಅಲ್ಲ. ಪ್ರತಿಯೊಂದರಲ್ಲಿ 250 ಮಿ.ಗ್ರಾಂ ಅಸಿಟಜೋಲಮೈಡ್ 20, 4 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ 10, ಹೇಪ್‌ಗೆ ವೈದ್ಯರು ಬರೆದುಕೊಟ್ಟರೆ ನಿಧಾನವಾಗಿ ಕರಗುವ 30 ಮಿ.ಗ್ರಾಂ ನಿಫೆಡಿಪಿನ್ 6, ಪ್ಯಾರಾಸಿಟಮಾಲ್, ಒಂಡಾನ್ಸೆಟ್ರಾನ್, ಆಕ್ಸಿಮೀಟರ್, ಅದರ ಬದಲಿ ಬ್ಯಾಟರಿ, ಮೂರು ಮೀಟರ್ ಹಗ್ಗ. ಇಂಜೆಕ್ಷನ್ ಮತ್ತು ಸಿರಿಂಜ್, ಚುಚ್ಚಲು ಬರುವವರು ಇರುವ ಪೆಟ್ಟಿಗೆಯಲ್ಲಿ ಮಾತ್ರ. ಇಂಜೆಕ್ಷನ್ ಬಾಟ್ಲಿ ಹೆಪ್ಪುಗಟ್ಟದ ಹಾಗೆ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ. ಯಾವ ಲಕ್ಷಣಕ್ಕೆ ಯಾವುದು, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರ ಸಹಿಯೊಂದಿಗೆ ಕನ್ನಡದಲ್ಲಿ ಬರೆಸಿ ಮುಚ್ಚಳದ ಒಳಬದಿಗೆ ಅಂಟಿಸಿ. ಗೈಡ್ ಪೆಟ್ಟಿಗೆಯ ಚೀಟಿ ಹಿಂದಿಯಲ್ಲಿರಲಿ.